ಬೀಗ ಬಿದ್ದ ಮನೆಗೆ ಬೆಲೆ ಕಟ್ಟುವ ಮುನ್ನ

ಸಾಲ ತೀರದೆ ಬ್ಯಾಂಕಿನ ವಶವಾದ ಚನ್ನರಾಯಪಟ್ಟಣದ ಮನೆಯೊಂದು ಹರಾಜಿಗಿದೆ ಎಂಬಂಥ ಪ್ರಕಟಣೆಯನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಬಾಡಿಗೆ ಮನೆಯಲ್ಲಿರುವವರಿಗೆ ಆಸೆ ಹುಟ್ಟುವುದು ಸಹಜ. ಚೀಟಿ ಕಟ್ಟಿ ಕೂಡಿಟ್ಟ ಹಣಕ್ಕೆ ಒಂದಿಷ್ಟು ಒಡವೆ ಸೇರಿಸಿದರೆ ಸ್ವಂತ ಸೂರು ಆಗಿಯೇ ಬಿಡುತ್ತದಲ್ಲ ಎಂದು ಮನೆಯೊಳಗೆ ಲೆಕ್ಕಾಚಾರ ಶುರುವಾಗುತ್ತದೆ. ಆ ಒಡವೆ ನಿಮ್ಮದು. ಆದ್ದರಿಂದ ಮನೆ ನೋಡಲು ನೀವೂ ಹೋಗಬೇಕು.

2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು ಸಾಲಗಾರನಿಗೆ 60 ದಿನಗಳ ನೋಟಿಸ್ ಕೊಡುತ್ತದೆ. ಆಗಲೂ ಹಣ ಬಾರದಿದ್ದರೆ ಅಡವಿಟ್ಟ ಮನೆಯನ್ನು ವಶಪಡಿಸಿಕೊಂಡು ಮಾರಬಹುದು. ಮಾರಾಟ ಮಾತ್ರ ‘ಇದ್ದಲ್ಲಿ, ಇದ್ದ ಸ್ಥಿತಿಯಲ್ಲಿ’ ಎಂಬ ಷರತ್ತಿನ ಮೇಲೆ. ಹರಾಜು ನಿಮ್ಮ ಪಾಲಾದರೆ ಶೇ. 25ರಷ್ಟು ಹಣವನ್ನು ಅಂದೇ ಅಥವಾ ಮರುದಿನದ ಕಚೇರಿ ವೇಳೆಯೊಳಗೆ ಕಟ್ಟಬೇಕು. ಆಮೇಲೆ ಸೂರು ಸೋರುತ್ತದೆಂದು ದೂರಿದರೆ ಕೇಳುವವರಿಲ್ಲ.

ಪಾಳುಬಿದ್ದ ಮನೆಯಲ್ಲಿ ಕೊಳೆ ಕಂಡು ಹಿಂಜರಿಯಬೇಡಿ, ಹೊಸ ಸುಣ್ಣಬಣ್ಣ ಕಂಡು ಮರುಳಾಗಲೂಬೇಡಿ. ಕಸ, ಜೇಡರ ಬಲೆ, ಒಡೆದ ಗಾಜು ಇವೆಲ್ಲ ನಾಲ್ಕು ದಿನದ ಕೂಲಿಯ ಮಾತು. ಮನೆಯನ್ನು ನಿಜವಾಗಿ ತಿನ್ನುವುದು ನೀರು. ಆದ್ದರಿಂದ ಸಾಧ್ಯವಾದರೆ ಮಳೆ ಬಂದ ಮರುದಿನ ಹೋಗಿ.

ಮೊದಲು ತಲೆಯೆತ್ತಿ ನೋಡಿ. ತಾರಸಿಯ ಅಡಿಭಾಗದಲ್ಲಿ ಕಂದು ಕಲೆಯಿದ್ದು, ಸಿಮೆಂಟು ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದ್ದರೆ ಅದು ಬರೀ ಗಾರೆಯಿಂದ ಮುಚ್ಚುವ ದೋಷವಲ್ಲ. ಹೆಂಚಿನ ಮನೆಯಾದರೆ ಒಡೆದ ಹೆಂಚಿಗಿಂತ ಅದರ ಕೆಳಗಿನ ತೊಲೆ, ರೀಪುಗಳನ್ನು ಗಮನಿಸಿ. ಮರಕ್ಕೆ ಸ್ಕ್ರೂಡ್ರೈವರ್ ಚುಚ್ಚಿದಾಗ ಸಲೀಸಾಗಿ ಇಳಿದರೆ ಗೆದ್ದಲು ಒಳಗೆ ತಿಂದಿದೆ ಅಥವಾ ಮರ ಕೊಳೆತಿದೆ ಎಂದು ತಿಳಿಯಿರಿ.

ಗೋಡೆಯ ಕೂದಲೆಳೆಯಂಥ ಬಿರುಕು ಹೆಚ್ಚಾಗಿ ಗಾರೆಯದು. ನಾಣ್ಯದ ಅಂಚು ತೂರುವಷ್ಟು ಅಗಲವಾಗಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದಿದ್ದರೆ ಪಾಯ ಕುಸಿದಿರಬಹುದು. ಗೋಡೆಗೆ ಬೇರಿಳಿಸಿದ ಅರಳಿ ಸಸಿಯೂ ಸಣ್ಣ ಸಂಗತಿಯಲ್ಲ. ಇವುಗಳನ್ನು ಇಂಜಿನಿಯರ್ ನೋಡಲೇಬೇಕು.

ಅಡುಗೆಮನೆ, ಬಚ್ಚಲುಮನೆಗಳಲ್ಲಿ ನಿಮ್ಮ ಕಣ್ಣೇ ಹೆಚ್ಚು ಚುರುಕು. ಒಂದು ಬಕೆಟ್ ನೀರು ಸುರಿದು ಅದು ಎತ್ತ ಹರಿಯುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಬಚ್ಚಲಿನ ಹಿಂಬದಿಯ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ. ಸಂಪು, ಶೌಚಗುಂಡಿ, ಬೋರ್‌ವೆಲ್ ಇದ್ದರೆ ಅವುಗಳ ಸ್ಥಿತಿ ವಿಚಾರಿಸಿ. ಪಕ್ಕದ ಮನೆಯ ಅಕ್ಕನನ್ನು ಮಾತಾಡಿಸಿದರೆ ಮಳೆಗಾಲದಲ್ಲಿ ಚರಂಡಿ ಉಕ್ಕುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಈಗ ಬೆಲೆ ಕಟ್ಟಿ. ಅದೇ ಬೀದಿಯ ಅಂಥದೇ ಸುಸ್ಥಿತಿಯ ಮನೆ 30 ಲಕ್ಷ ರೂ.ಗೆ ಹೋಗುತ್ತದೆ ಎಂದುಕೊಳ್ಳೋಣ. ರಿಪೇರಿಗೆ 6 ಲಕ್ಷ, ಹಳೆಯ ಬಾಕಿಗಳಿಗೂ ಅನಿರೀಕ್ಷಿತ ಖರ್ಚಿಗೂ 2 ಲಕ್ಷ ಕಳೆದರೆ ನಿಮ್ಮ ಮಿತಿ 22 ಲಕ್ಷ. ಹರಾಜಿನ ಮೂಲ ಬೆಲೆಯೇ 24 ಲಕ್ಷವಿದ್ದರೆ ಆ ಮನೆ ಅಗ್ಗದ್ದಲ್ಲ.

ಬಾಕಿಯ ಮಾತನ್ನು ಹಗುರವಾಗಿ ಎಣಿಸಬೇಡಿ. ಹಳೆಯ ಮಾಲೀಕರ ವಿದ್ಯುತ್ ಬಾಕಿ ತೀರಿಸುವವರೆಗೆ ಹರಾಜಿನಲ್ಲಿ ಕೊಂಡವರಿಗೆ ಹೊಸ ಸಂಪರ್ಕ ನಿರಾಕರಿಸಲು ನಿಯಮವಿದ್ದರೆ ಅದು ಸಿಂಧು ಎಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ತೀರ್ಪಿತ್ತಿದೆ. ಆದ್ದರಿಂದ ಚೆಸ್ಕಾಂ ಕಚೇರಿಯಲ್ಲಿ ವಿದ್ಯುತ್ ಬಾಕಿಯನ್ನೂ, ಪುರಸಭೆಯಲ್ಲಿ ಕಂದಾಯ ಮತ್ತು ನೀರಿನ ಬಾಕಿಯನ್ನೂ, ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರವನ್ನೂ ಮುಂಚೆಯೇ ನೋಡಿ. ಮನೆಯಲ್ಲಿ ಯಾರಾದರೂ ಇನ್ನೂ ವಾಸವಿದ್ದಾರೆಯೇ, ನ್ಯಾಯಾಲಯದಲ್ಲಿ ಮೊಕದ್ದಮೆ ಇದೆಯೇ ಎಂದು ಬ್ಯಾಂಕಿಗೆ ಬರೆದು ಕೇಳಿ.

ಮನೆ ನೋಡುವ ದಿನವನ್ನು ಸಾಮಾನ್ಯವಾಗಿ ಪ್ರಕಟಣೆಯಲ್ಲೇ ಕೊಟ್ಟಿರುತ್ತಾರೆ. ಅಂದು ಬಾಗಿಲು ತೆರೆಯದಿದ್ದರೆ, ಒಳಗೆ ಎಲ್ಲವೂ ಕೆಟ್ಟಿದೆ ಎಂದೇ ಎಣಿಸಿ ಬೆಲೆ ಹೇಳಿ. ಅದಕ್ಕೆ ಮನಸ್ಸು ಒಪ್ಪದಿದ್ದರೆ ಸುಮ್ಮನೆ ಬಿಟ್ಟುಬಿಡಿ. ಹರಾಜಿನ ಮನೆಗಳು ಇನ್ನೂ ಬರುತ್ತವೆ. ಒಮ್ಮೆ ಮಾರಿದ ಒಡವೆಯನ್ನು ಮತ್ತೆ ಮಾಡಿಸುವುದು ಎಷ್ಟು ಕಷ್ಟವೆಂದು ನಿಮಗಿಂತ ಚೆನ್ನಾಗಿ ಬಲ್ಲವರಾರು?