ಅಬ್ಬರದ ಪೈಪೋಟಿ

ಧ್ವನಿಮುದ್ರಣದ ಉದ್ಯಮದಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ವಿಚಿತ್ರವಾದ ಪೈಪೋಟಿಯ ಕಡೆಗೆ ವಾಚಕರ ಗಮನವನ್ನು ಸೆಳೆಯಬಯಸುತ್ತೇವೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ಅದಕ್ಕೆ ‘ಲೌಡ್‌ನೆಸ್ ವಾರ್’, ಎಂದರೆ ಅಬ್ಬರದ ಯುದ್ಧ, ಎಂದು ಹೆಸರು. ತನ್ನ ಹಾಡು ನೆರೆಯವನ ಹಾಡಿಗಿಂತ ಗಟ್ಟಿಯಾಗಿ ಕೇಳಿಸಬೇಕೆಂದು ಒಬ್ಬೊಬ್ಬನೂ ಹಟ ಹಿಡಿದು, ಕಡೆಗೆ ಎಲ್ಲರ ಹಾಡುಗಳೂ ಕಿವಿಗೆ ದಣಿವನ್ನುಂಟುಮಾಡುವಂತಾದುದೇ ಆ ಯುದ್ಧದ ಫಲ. ಅದರಲ್ಲಿ ಗೆದ್ದವರಾರೂ ಇಲ್ಲ; ಸೋತುದು ಸಂಗೀತವೊಂದೇ. ಈ ಪೈಪೋಟಿಯು ಹುಟ್ಟಿದ ಬಗೆಯೂ, ಅದಕ್ಕೆ ಕಡೆಗೆ ಕಡಿವಾಣ ಬಿದ್ದ ಬಗೆಯೂ ಸಂಗೀತದ ಗೊಡವೆಯಿಲ್ಲದವರೂ ತಿಳಿಯತಕ್ಕ ಸಂಗತಿಗಳಾಗಿವೆ.

ಧ್ವನಿಮುದ್ರಿಕೆಯು ಮಾರಾಟಕ್ಕೆ ಹೋಗುವ ಮೊದಲು ಅದಕ್ಕೆ ನಡೆಯತಕ್ಕ ಕಡೆಯ ಸಂಸ್ಕಾರಕ್ಕೆ ಮಾಸ್ಟರಿಂಗ್ ಎಂದು ಹೆಸರು. ಕಂಠವನ್ನೂ ವಾದ್ಯಗಳನ್ನೂ ಬೇರೆ ಬೇರೆಯಾಗಿ ಮುದ್ರಿಸಿ, ತಕ್ಕ ಪ್ರಮಾಣದಲ್ಲಿ ಬೆರಸಿದ ತರುವಾಯ, ಒಂದು ಸಂಪುಟದ ಹಾಡುಗಳೆಲ್ಲ ಒಂದಕ್ಕೊಂದು ಹೊಂದುವಂತೆ ತಿದ್ದಿ ಮೂಲಪ್ರತಿಯನ್ನು ಸಿದ್ಧಪಡಿಸುವುದು ಮಾಸ್ಟರಿಂಗ್ ಎಂಜಿನಿಯರನ ಕೆಲಸ. ಪುಸ್ತಕಕ್ಕೆ ಕಡೆಯ ಕರಡು ತಿದ್ದುವವನು ಹೇಗೋ ಹಾಡಿಗೆ ಇವನು ಹಾಗೆ. ಇವನ ಕೈಯಲ್ಲಿ ಕಂಪ್ರೆಸರ್, ಲಿಮಿಟರ್ ಎಂಬ ಎರಡು ಉಪಕರಣಗಳಿವೆ. ಮೊದಲನೆಯದು ಗಟ್ಟಿದನಿಗೂ ಮೆಲುದನಿಗೂ ನಡುವಣ ಅಂತರವನ್ನು ಕಿರಿದುಮಾಡುತ್ತದೆ. ಎರಡನೆಯದು ಗೊತ್ತಾದ ಎಲ್ಲೆಯನ್ನು ಧ್ವನಿಯು ಮೀರದಂತೆ ತಡೆಯುತ್ತದೆ. ಹಿತಮಿತವಾಗಿ ಬಳಸಿದಲ್ಲಿ ಇವೆರಡೂ ಉಪಕಾರಿಗಳೇ ಸರಿ.

ಗಟ್ಟಿಯಾಗಿ ಕೇಳಿಸಬೇಕೆಂಬ ಹಂಬಲವು ಹೊಸದಲ್ಲ. 1940 ಮತ್ತು 1950ರ ದಶಕಗಳಲ್ಲಿ ಅಮೆರಿಕದ ಉಪಾಹಾರಗೃಹಗಳಲ್ಲಿ ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಪೆಟ್ಟಿಗೆಗಳಿದ್ದುವು. ಪೆಟ್ಟಿಗೆಯ ಧ್ವನಿಮಟ್ಟವನ್ನು ಮಾಲೀಕನು ಒಮ್ಮೆ ಗೊತ್ತುಮಾಡಿಬಿಟ್ಟರೆ, ಮೆಲ್ಲಗೆ ಮುದ್ರಿತವಾದ ತಟ್ಟೆಯು ಜನರ ಗದ್ದಲದಲ್ಲಿ ಅಡಗಿಹೋಗುತ್ತಿತ್ತು. ಜೋರಾಗಿ ಮುದ್ರಿತವಾದುದು ಎದ್ದು ಕೇಳಿಸುತ್ತಿತ್ತು. ಆದರೆ ತಟ್ಟೆಯ ಸ್ವಭಾವವೇ ಅತಿರೇಕಕ್ಕೆ ತಡೆಯಾಗಿದ್ದಿತು. ಧ್ವನಿಯು ಜೋರಾದಷ್ಟೂ ತಟ್ಟೆಯ ಮೇಲಣ ಗೀರು ಹೆಚ್ಚು ಅಗಲವಾಗಿ ಓಲಾಡಬೇಕು. ಆಗ ತಟ್ಟೆಯಲ್ಲಿ ಹಿಡಿಸುವ ಹಾಡಿನ ಕಾಲವು ಕುಗ್ಗುವುದು, ಮಿತಿಮೀರಿದಲ್ಲಿ ಮುಳ್ಳು ಗೀರನ್ನು ಬಿಟ್ಟು ಹಾರುವುದು.

1982ರಲ್ಲಿ ಕಂಪ್ಯಾಕ್ಟ್ ಡಿಸ್ಕ್ ಬಂದಿತು. ಅದಕ್ಕೆ ಮುಳ್ಳಿನ ಕಾಟವಿಲ್ಲ. ಧ್ವನಿಯೆಲ್ಲವೂ ಅಂಕಿಗಳಾಗಿ ಬರೆಯಲ್ಪಡುತ್ತದೆ. ಅತ್ಯಂತ ಮೆಲುದನಿಯಿಂದ ಅತ್ಯಂತ ಗಟ್ಟಿದನಿಯವರೆಗೆ ಸುಮಾರು 96 ಡೆಸಿಬೆಲ್ಲುಗಳ ಅಂತರವನ್ನು ಅದು ಹಿಡಿದಿಡಬಲ್ಲುದು. ಇಷ್ಟು ವಿಶಾಲವಾದ ಮನೆ ದೊರೆತ ಮೇಲೆ ಸಂಗೀತವು ಕೈಕಾಲು ನೀಡಿ ಸುಖವಾಗಿರಬೇಕಾಗಿತ್ತಷ್ಟೆ. ನಡೆದುದು ಬೇರೆ. ಅಂಕಿಗಳ ಮನೆಗೆ ಮೇಲೊಂದು ಸೂರು ಇದೆ. ಅದನ್ನು ದಾಟುವುದು ಯಾವ ಧ್ವನಿಗೂ ಸಾಧ್ಯವಿಲ್ಲ. ಸೂರನ್ನು ಎತ್ತರಿಸಲಾಗದವರು ನೆಲವನ್ನು ಎತ್ತರಿಸತೊಡಗಿದರು. 1990ರ ದಶಕದಲ್ಲಿ, ಬರಲಿರುವ ಧ್ವನಿಯನ್ನು ಮುಂಚಿತವಾಗಿ ಅರಿತು ಅದರ ತಲೆಯನ್ನು ಒತ್ತುವ ಡಿಜಿಟಲ್ ಲಿಮಿಟರುಗಳು ಬಂದ ಮೇಲೆ ಈ ಕಾರ್ಯವು ಸುಲಭವಾಯಿತು. ನಗಾರಿಯ ಪೆಟ್ಟು ಮೊದಲಾದ ಕ್ಷಣಿಕ ಶಿಖರಗಳನ್ನು ಒತ್ತಿ, ಮಿಕ್ಕುದೆಲ್ಲವನ್ನೂ ಸೂರಿನವರೆಗೆ ನೂಕಿದರು. ಇನ್ನೂ ನೂಕಿದಾಗ ತರಂಗದ ನೆತ್ತಿಯೇ ಕತ್ತರಿಸಿದಂತೆ ಚಪ್ಪಟೆಯಾಗಿ, ನಾದದಲ್ಲಿ ಒಡಕು ಬೆರೆಯಿತು.

ಬಲ್ಲವರೂ ಹೀಗೇಕೆ ಮಾಡಿದರು ಎಂದು ಕೇಳಬಹುದು. ಇದಕ್ಕೆ ಕಾರಣವು ನಮ್ಮ ಕಿವಿಯಲ್ಲಿಯೇ ಇದೆ. ಧ್ವನಿಯು ಮೆಲ್ಲಗಿರುವಾಗ ಅತಿ ತಗ್ಗಿನ ಮತ್ತು ಅತಿ ಎತ್ತರದ ಸ್ವರಗಳನ್ನು ಕಿವಿಯು ಸರಿಯಾಗಿ ಗ್ರಹಿಸಲಾರದೆಂದು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ತೋರಿಸಿಕೊಟ್ಟರು. ಆದುದರಿಂದ ಒಂದೇ ಹಾಡನ್ನು ಎರಡು ಮಟ್ಟಗಳಲ್ಲಿ ಕೇಳಿಸಿದರೆ, ತುಸು ಗಟ್ಟಿಯಾದುದೇ ಹೆಚ್ಚು ತುಂಬಿಕೊಂಡಿದೆ ಎಂದು ತೋರುವುದು ಸಹಜ. ಆದರೆ ಅದು ಕ್ಷಣಕಾಲದ ತೀರ್ಪು. ಗಳಿಗೆಯ ಮೇಲೆ ಗಳಿಗೆ ಒಂದೇ ಅಬ್ಬರವನ್ನು ಕೇಳಿದ ಕಿವಿಯು ಬಳಲುತ್ತದೆ. ಪತ್ರಿಕೆಯ ಪ್ರತಿಯೊಂದು ಪಂಕ್ತಿಯನ್ನೂ ತಲೆಬರಹದ ಮೊಳೆಗಳಿಂದಲೇ ಜೋಡಿಸಿದರೆ ಆ ಪತ್ರಿಕೆಯಲ್ಲಿ ತಲೆಬರಹವೆಂಬುದೇ ಇಲ್ಲದಂತಾಗುವುದಿಲ್ಲವೇ? ಮೆಲುದನಿ ಇಲ್ಲದ ಕಡೆ ಗಟ್ಟಿದನಿಗೂ ಅರ್ಥವಿಲ್ಲ.

ಈ ಪೈಪೋಟಿಯು ಶಿಖರಕ್ಕೇರಿದುದು 2008ರಲ್ಲಿ. ಮೆಟಾಲಿಕಾ ಎಂಬ ಅಮೆರಿಕದ ಪ್ರಖ್ಯಾತ ವಾದ್ಯಗೋಷ್ಠಿಯವರ ‘ಡೆತ್ ಮ್ಯಾಗ್ನೆಟಿಕ್’ ಎಂಬ ಸಂಪುಟವು ಆ ವರ್ಷದ ಸೆಪ್ಟೆಂಬರಿನಲ್ಲಿ ಹೊರಬಂದಿತು. ಅದರಲ್ಲಿ ಒಡಕು ದನಿ ಕೇಳಿಬರುತ್ತದೆಂದು ಅಭಿಮಾನಿಗಳೇ ದೂರಿದರು. ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ಆಟದಲ್ಲಿಯೂ ಬಂದಿದ್ದುವು. ಅಲ್ಲಿ ಅವು ಅಷ್ಟೊಂದು ಒತ್ತಲ್ಪಟ್ಟಿರಲಿಲ್ಲ. ಹುಡುಗರು ಆಡುವ ಆಟದೊಳಗಣ ಹಾಡು ಹಣ ಕೊಟ್ಟು ಕೊಂಡ ಮುದ್ರಿಕೆಗಿಂತ ನಿರ್ಮಲವಾಗಿತ್ತು! ಸಾಮಾನ್ಯ ಶ್ರೋತೃವಿಗೂ ಎರಡನ್ನು ಹೋಲಿಸಿ ನೋಡುವ ಅವಕಾಶವು ದೊರೆತುದರಿಂದ ಗುಟ್ಟು ರಟ್ಟಾಯಿತು. ಸಂಪುಟವನ್ನು ಮತ್ತೆ ಸಿದ್ಧಪಡಿಸಬೇಕೆಂದು 10,000ಕ್ಕೂ ಮಿಕ್ಕ ಜನರು ಬಿನ್ನವತ್ತಳೆಗೆ ಸಹಿ ಹಾಕಿದರು. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ಅವರಾದರೋ, ತಮ್ಮ ಕೈಗೆ ಬರುವ ಮೊದಲೇ ಅದು ಮಿತಿಮೀರಿ ಒತ್ತಲ್ಪಟ್ಟಿತ್ತೆಂದು ತಿಳಿಸಿದರು. ಒಡಕಿನ ಬೀಜವು ಬೆರಕೆಯ ಹಂತದಲ್ಲಿಯೇ ಬಿದ್ದಿತ್ತೆಂಬುದು ಇದರಿಂದ ವ್ಯಕ್ತವಾಯಿತು.

ಅದೇ ವರ್ಷದ ನವೆಂಬರಿನಲ್ಲಿ ಗನ್ಸ್ ಎನ್ ರೋಸಸ್ ಗೋಷ್ಠಿಯ ‘ಚೈನೀಸ್ ಡೆಮಾಕ್ರಸಿ’ ಬಂದಿತು. ಅದರ ಎಂಜಿನಿಯರರಾದ ಬಾಬ್ ಲುಡ್‌ವಿಗ್ ಅವರು ಮೂರು ಬಗೆಯ ಪ್ರತಿಗಳನ್ನು ಮುಂದಿಟ್ಟಾಗ, ಏರುತಗ್ಗು ಹೆಚ್ಚಾಗಿ ಉಳಿದಿದ್ದ ಪ್ರತಿಯೇ ಆಯ್ಕೆಯಾಯಿತು. ಅಬ್ಬರದ ಸಂಗೀತಕ್ಕೂ ಅಬ್ಬರದ ಮಾಸ್ಟರಿಂಗ್ ಅನಿವಾರ್ಯವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಕೆಟ್ಟುದನ್ನು ತಿದ್ದಬಾರದೇ ಎಂದರೆ, ಅದು ಅಷ್ಟು ಸುಲಭವಲ್ಲ. ಕೆನಡಾ ದೇಶದ ರಷ್ ಗೋಷ್ಠಿಯ ‘ವೇಪರ್ ಟ್ರೇಲ್ಸ್’ 2002ರಲ್ಲಿ ಇದೇ ದೋಷದಿಂದ ಕೂಡಿ ಹೊರಬಂದಿತು. ಅದನ್ನು ಸರಿಪಡಿಸಲು ಮೂಲದ ಬಿಡಿ ಮುದ್ರಣಗಳನ್ನೆಲ್ಲ ತೆಗೆದು ಹೊಸದಾಗಿ ಬೆರಸಬೇಕಾಯಿತು; ಆ ಪರಿಷ್ಕೃತ ಸಂಪುಟವು ಬಂದುದು 2013ರಲ್ಲಿ, ಹನ್ನೊಂದು ವರ್ಷಗಳ ಮೇಲೆ. ಬಿಡಿ ಮುದ್ರಣಗಳು ಉಳಿದಿದ್ದು, ವೆಚ್ಚಕ್ಕೆ ಹಣವೂ ಇದ್ದವರಿಗೆ ಇದು ಸಾಧ್ಯ. ಇಲ್ಲದವರ ಹಾಡುಗಳು ಎಂದೆಂದಿಗೂ ಆ ಒಡಕಿನೊಡನೆಯೇ ಉಳಿಯತಕ್ಕವು. ಕತ್ತರಿಸಿದ ತರಂಗದ ನೆತ್ತಿಯನ್ನು ಇದ್ದಂತೆ ಮರಳಿ ಕೊಡುವ ಯಂತ್ರವು ಯಾವುದೂ ಇಲ್ಲ.

ಬಸ್ಸಿನಲ್ಲಿಯೂ ಮೋಟಾರಿನಲ್ಲಿಯೂ ಹಾಡು ಕೇಳುವವರಿಗೆ ಮೆಲುದನಿಯು ಕೇಳಿಸುವುದಿಲ್ಲ, ಅವರಿಗಾಗಿ ಇದು ಬೇಕೆಂದು ಕೆಲವರ ವಾದ. ಮಾತು ಅಷ್ಟರಮಟ್ಟಿಗೆ ನಿಜ. ಆದರೆ ಆ ಏರ್ಪಾಡು ಕೇಳುವವನ ಯಂತ್ರದಲ್ಲಿರಬೇಕೇ ಹೊರತು ಮುದ್ರಿಕೆಯಲ್ಲಿ ಇರಕೂಡದು. ಉಪ್ಪು ಸಾಲದವನು ಎಲೆಯ ಮೇಲೆ ಬಡಿಸಿಕೊಳ್ಳಬಹುದು. ಅಡುಗೆಯಲ್ಲಿಯೇ ಸುರಿದ ಉಪ್ಪನ್ನು ತೆಗೆಯುವವರಾರು?

ಇಷ್ಟಾದರೂ ಯಾವೊಬ್ಬ ಸಂಗೀತಗಾರನೂ ತಾನೊಬ್ಬನೇ ಈ ಪೈಪೋಟಿಯಿಂದ ಹಿಂಜರಿಯುವ ಹಾಗಿರಲಿಲ್ಲ. ಸಂತೆಯಲ್ಲಿ ಎಲ್ಲರೂ ಕೂಗುತ್ತಿರುವಾಗ ಮೆಲ್ಲಗೆ ಮಾತಾಡುವ ವ್ಯಾಪಾರಿಯ ಗತಿಯೇ ಅವನದು. ನೀತಿಬೋಧೆಯಿಂದಾಗದ ಕೆಲಸವು ಒಂದು ಸಾಮಾನ್ಯವಾದ ಅಳತೆಯಿಂದಾಯಿತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2006ರಲ್ಲಿ ಹೊಸ ಮಾನವನ್ನು ಪ್ರಕಟಿಸಿತು. ಕ್ಷಣದ ಶಿಖರವನ್ನು ಅಳೆಯುವುದನ್ನು ಬಿಟ್ಟು, ಮನುಷ್ಯನ ಕಿವಿಗೆ ಒಟ್ಟಿನಲ್ಲಿ ಎಷ್ಟು ಗಟ್ಟಿಯಾಗಿ ಕೇಳಿಸುತ್ತದೆಂಬುದನ್ನು ಅಳೆಯುವ ಕ್ರಮವದು. 2010ರಲ್ಲಿ ಯೂರೋಪಿನ ಪ್ರಸಾರಸಂಸ್ಥೆಗಳ ಒಕ್ಕೂಟವು ಅದೇ ಮಾನವನ್ನು ಹಿಡಿದು, ಸೂರಿಗಿಂತ 23 ಘಟಕ ಕೆಳಗಣ ಮಟ್ಟವನ್ನು ಪ್ರಸಾರಕ್ಕೆ ಗೊತ್ತುಮಾಡಿತು. ದೂರದರ್ಶನದ ಜಾಹೀರಾತುಗಳು ಕಾರ್ಯಕ್ರಮಕ್ಕಿಂತ ಜೋರಾಗಿ ಅರಚಕೂಡದೆಂದು ಅಮೆರಿಕದಲ್ಲಿ ಅದೇ ವರ್ಷ ಶಾಸನವಾಗಿ, 2012ರ ಡಿಸೆಂಬರಿನಿಂದ ಜಾರಿಗೆ ಬಂದಿತು.

ಇಂದು ಹಾಡುಗಳನ್ನು ಅಂತರ್ಜಾಲದ ಮೂಲಕ ಒದಗಿಸುವ ಸಂಸ್ಥೆಗಳೂ ಇದೇ ದಾರಿಯನ್ನು ಹಿಡಿದಿವೆ. ಸ್ಪಾಟಿಫೈ ಸಂಸ್ಥೆಯು ಸಾಧಾರಣವಾಗಿ ಎಲ್ಲ ಹಾಡುಗಳನ್ನೂ ಸೂರಿಗಿಂತ 14 ಘಟಕ ಕೆಳಗಣ ಒಂದೇ ಮಟ್ಟಕ್ಕೆ ತಂದು ಕೇಳಿಸುತ್ತದೆ. ಹೀಗಾಗಿ, ಅಬ್ಬರದಿಂದ ಬಂದವನ ಧ್ವನಿಯನ್ನು ಯಂತ್ರವೇ ತಗ್ಗಿಸಿಬಿಡುತ್ತದೆ. ಆಗ ಅವನಿಗೆ ಜೋರೂ ಇಲ್ಲ, ಏರುತಗ್ಗೂ ಇಲ್ಲ. ಪಕ್ಕದ ಸಂಯಮಿಯ ಹಾಡೇ ಕಳೆಯಿಂದ ಕೂಡಿ ಕೇಳಿಸುತ್ತದೆ. ಪೈಪೋಟಿಯು ಪೂರ್ತಿ ಅಡಗಿತೆಂದಲ್ಲ. ಈ ಏರ್ಪಾಡನ್ನು ಶ್ರೋತೃವು ಬೇಡವೆಂದರೆ ತೆಗೆದುಹಾಕಬಹುದು, ಹಳೆಯ ಚಾಳಿಯನ್ನು ಬಿಡದ ಉದ್ಯಮಿಗಳೂ ಇದ್ದಾರೆ. ಆದರೆ ಕೂಗಿದವನಿಗೇ ಲಾಭವೆಂಬ ನಿಯಮವು ಮುರಿದುಬಿದ್ದಿತೆಂಬುದೇ ದೊಡ್ಡ ಮಾತು.

ಇದರಲ್ಲಿ ನಮಗೂ ಪಾಠವಿದೆ. ಕನ್ನಡದ ಹಾಡುಗಳೂ ಇಂದು ಇದೇ ಮಾರ್ಗವಾಗಿ ಜನರ ಕಿವಿಯನ್ನು ಮುಟ್ಟುತ್ತವೆ. ಮಂದ್ರಸ್ಥಾಯಿಯ ಮೆಲ್ಲನೆಯ ಆಲಾಪನೆಗೂ ತಾರಸ್ಥಾಯಿಯ ಏರಿಕೆಗೂ ಭೇದವಿಲ್ಲದಂತೆ ಮಾಡಿದರೆ ನಮ್ಮ ಸಂಗೀತದಲ್ಲಿ ಉಳಿಯುವುದೇನು? ಹಳೆಯ ವಿದ್ವಾಂಸರ ಮುದ್ರಣಗಳನ್ನು ಹೊಸ ರೂಪದಲ್ಲಿ ಹೊರತರುವ ಮಹಾಶಯರು ಮೂಲಪ್ರತಿಗಳನ್ನು ಜೋಪಾನವಾಗಿ ಕಾದಿಡಲಿ. ಕಾಲಕ್ಕೆ ತಕ್ಕಂತೆ ಮಾಡುವ ನೆಪದಿಂದ ಅವುಗಳ ಏರುತಗ್ಗನ್ನು ಹೊಸಕದಿರಲಿ. ಶ್ರೋತೃಗಳಾದ ನಾವು ಮಾಡಬೇಕಾದುದು ಇಷ್ಟೆ: ಧ್ವನಿ ಸಾಲದಾದರೆ ನಮ್ಮ ಯಂತ್ರದ ಗುಂಡಿಯನ್ನು ನಾವೇ ತಿರುಗಿಸಿಕೊಳ್ಳುವುದು. ಆ ಅಧಿಕಾರವು ಕೇಳುವವನದು. ಅದನ್ನು ಅವನ ಪರವಾಗಿ ಮೊದಲೇ ಚಲಾಯಿಸಿಬಿಡುವ ಹಕ್ಕು ಮಾರುವವನಿಗಿಲ್ಲ.