ಚಪ್ಪರದ ಹಿಂದಿನ ಲೆಕ್ಕ: ಈವೆಂಟ್ ಮ್ಯಾನೇಜ್‌ಮೆಂಟ್ ಕಲಿಯಬೇಕೆನ್ನುವವರಿಗೆ

ಪಿಯುಸಿ ಫಲಿತಾಂಶ ಬಂದ ಮೇಲೆ ಈಗ ಅನೇಕ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ನಾನು ಈವೆಂಟ್ ಮ್ಯಾನೇಜ್‌ಮೆಂಟ್ ಓದುತ್ತೇನೆ." ಹಾಗೆನ್ನುವ ಮಗಳ ಕಣ್ಣ ಮುಂದೆ ವೇದಿಕೆ, ಬಣ್ಣದ ದೀಪ, ತಾರೆಯರು. ಕೇಳಿಸಿಕೊಂಡ ಅಪ್ಪನ ಕಣ್ಣ ಮುಂದೆ ಶಾಮಿಯಾನದ ಬಾಡಿಗೆ ಬಿಲ್ಲು. ಇಬ್ಬರೂ ನೋಡುತ್ತಿರುವುದು ಅರ್ಧ ಚಿತ್ರವನ್ನು ಮಾತ್ರ. ಲಕ್ಷಗಟ್ಟಲೆ ಶುಲ್ಕ ಕಟ್ಟುವ ಮೊದಲು ಉಳಿದರ್ಧವನ್ನೂ ನೋಡುವುದು ಒಳ್ಳೆಯದು.

ಈ ಕಸುಬು ನಮಗೆ ಹೊಸದಲ್ಲ. ಹಿಂದೆ ಮದುವೆಮನೆಯಲ್ಲಿ ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ದೊಡ್ಡಪ್ಪನೋ ಸೋದರಮಾವನೋ ಒಬ್ಬರು ಇರುತ್ತಿದ್ದರು. ಅಡುಗೆಯವರಿಗೆ ಎಷ್ಟು ಅಕ್ಕಿ ಅಳೆದು ಕೊಡಬೇಕು, ಓಲಗದವರಿಗೆ ಕಾಫಿ ಹೋಯಿತೇ, ಬೀಗರ ಕೋಣೆಗೆ ಬಿಸಿನೀರು ಸಿಕ್ಕಿತೇ ಎಂಬುದೆಲ್ಲ ಅವರ ತಲೆಯಲ್ಲೇ. ಆ ಕೆಲಸಕ್ಕೆ ಈಗ ಸಂಬಳವೂ ಬಂದಿದೆ, ಪದವಿಯೂ ಬಂದಿದೆ.

ಮೊದಲ ಕೌಶಲ: ಗಡಿಯಾರ

600 ಅತಿಥಿಗಳ ಮದುವೆ ಎಂದುಕೊಳ್ಳಿ. ಛತ್ರದ ಊಟದ ಮನೆಯಲ್ಲಿ ಒಂದು ಪಂಕ್ತಿಗೆ 120 ಎಲೆ. ಹಾಗಾದರೆ 5 ಪಂಕ್ತಿ. ಊಟಕ್ಕೆ 30 ನಿಮಿಷ, ಎಲೆ ತೆಗೆದು ಮತ್ತೆ ಹಾಕಲು 10 ನಿಮಿಷ. 12 ಗಂಟೆಗೆ ಮೊದಲ ಪಂಕ್ತಿ ಕೂತರೆ ಕೊನೆಯ ಪಂಕ್ತಿ ಕೂರುವುದು 2 ಗಂಟೆ 40 ನಿಮಿಷಕ್ಕೆ. ಅಷ್ಟು ಹೊತ್ತು ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಕಾಯುತ್ತಾರೆಯೇ? ಬಾಗಿಲಲ್ಲಿ ನೂಕುನುಗ್ಗಲು ಖಂಡಿತ. ಇದನ್ನು ಮದುವೆಯ ದಿನ ಕಂಡುಕೊಳ್ಳುವವನು ವ್ಯವಸ್ಥಾಪಕನಲ್ಲ. ತಿಂಗಳ ಮೊದಲೇ ಕಾಗದದ ಮೇಲೆ ಕಂಡು, ಒಂದು ಪಂಕ್ತಿಯನ್ನು 11.20ಕ್ಕೇ ಕೂರಿಸುವುದೋ, ಪಕ್ಕದಲ್ಲಿ ಬಫೆ ಇಡುವುದೋ ಎಂದು ತೀರ್ಮಾನಿಸುವವನೇ ವ್ಯವಸ್ಥಾಪಕ.

ಕಂಪನಿಯ ಸಮಾರಂಭವಿರಲಿ, ಸಂಗೀತ ಕಾರ್ಯಕ್ರಮವಿರಲಿ, ಕ್ರಮ ಇದೇ. ಯಾವ ನಿಮಿಷಕ್ಕೆ ಯಾರು ಎಲ್ಲಿರಬೇಕು, ಅವರು ಬರದಿದ್ದರೆ ಯಾರು ಎಂಬ ಪಟ್ಟಿ ಕೈಯಲ್ಲಿರಬೇಕು. ಕರೆಂಟು ಹೋದರೆ ಜನರೇಟರ್, ಮಳೆ ಬಂದರೆ ಬೇರೆ ಜಾಗ. ಹೀಗೆ ಪ್ರತಿಯೊಂದಕ್ಕೂ ಎರಡನೆಯ ದಾರಿ ಯೋಚಿಸುವ ಅಭ್ಯಾಸ ಬೇಕು.

ಎರಡನೆಯದು: ಲಾಭ ಬೇರೆ, ಕೈಯಲ್ಲಿರುವ ದುಡ್ಡು ಬೇರೆ

ಸ್ವಂತವಾಗಿ ಸಂಸ್ಥೆ ನಡೆಸುವವರು ಇಲ್ಲಿ ಎಚ್ಚರವಾಗಿರಬೇಕು. 5 ಲಕ್ಷ ರೂಪಾಯಿಗೆ ಒಂದು ಕಾರ್ಯಕ್ರಮ ಒಪ್ಪಿಕೊಂಡಿರಿ, ಖರ್ಚು 4.20 ಲಕ್ಷ ಎನ್ನಿ. ಪುಸ್ತಕದಲ್ಲಿ 80 ಸಾವಿರ ಲಾಭ. ಆದರೆ ಗಿರಾಕಿ ಕೊಟ್ಟ ಮುಂಗಡ ಅರ್ಧ, ಅಂದರೆ 2.50 ಲಕ್ಷ. ಅಡುಗೆಯವರು, ಹೂವಿನವರು, ದೀಪದವರು, ಮೈಕಿನವರು ಕಾರ್ಯಕ್ರಮ ಮುಗಿದ ರಾತ್ರಿಯೇ ಹಣ ಕೇಳುತ್ತಾರೆ. 1.70 ಲಕ್ಷ ಎಲ್ಲಿಂದ ತರುವುದು? ಗಿರಾಕಿಯ ಬಾಕಿ ಎರಡು ತಿಂಗಳ ನಂತರ ಬಂದರೆ, ಅಷ್ಟರಲ್ಲಿ ಕೈಸಾಲದ ಬಡ್ಡಿ ಲಾಭವನ್ನು ತಿನ್ನುತ್ತಿರುತ್ತದೆ.

ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ಈ ಸೇವೆಗೆ ಶೇ. 18ರಷ್ಟು ತೆರಿಗೆ. ಗಿರಾಕಿಯಿಂದ ವಸೂಲು ಮಾಡಿದ ಆ ಹಣ ಸರ್ಕಾರದ್ದು, ನಮ್ಮ ಲಾಭವಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮದುವೆಗಳು ಕಡಿಮೆ. ಆದ್ದರಿಂದ ವೈಶಾಖದ ಸಂಪಾದನೆಯನ್ನು ಆ ತಿಂಗಳುಗಳಿಗೂ ಹಂಚಿ ಇಟ್ಟುಕೊಳ್ಳುವ ಶಿಸ್ತು ಬೇಕು. ಕಾಮರ್ಸ್ ಓದಿದ ಮಕ್ಕಳಿಗೆ ಇಲ್ಲಿ ಒಂದು ಕೈ ಮೇಲು.

ಮೂರನೆಯದು: ಜೀವದ ಹೊಣೆ

ಇದನ್ನು ಕೊನೆಯಲ್ಲಿ ಹೇಳಿದರೂ ಇದೇ ಮೊದಲನೆಯದು. 1981ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಮಕ್ಕಳು. 2025ರ ಜೂನ್ 4ರಂದು ಅದೇ ಊರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವ ನೋಡಲು ಬಂದವರಲ್ಲಿ 11 ಮಂದಿ ಕಾಲ್ತುಳಿತಕ್ಕೆ ಬಲಿಯಾದರು. ನಲಿಯಲು ಹೋದವರು ಮನೆಗೆ ಮರಳಲಿಲ್ಲ.

ಆದ್ದರಿಂದ ಈ ವಿದ್ಯೆ ಕಲಿಯುವವರು ವೇದಿಕೆಯ ಅಲಂಕಾರಕ್ಕಿಂತ ಮೊದಲು ಕಲಿಯಬೇಕಾದ ಪ್ರಶ್ನೆಗಳಿವೆ. ಜಾಗಕ್ಕೆ ಎಷ್ಟು ಜನ ಹಿಡಿಯುತ್ತಾರೆ? ಒಳಬರುವ ದಾರಿ, ಹೊರಹೋಗುವ ದಾರಿ ಬೇರೆ ಬೇರೆ ಇವೆಯೇ? ಹೊರಬಾಗಿಲಿಗೆ ಅಡ್ಡವಾಗಿ ಕುರ್ಚಿ, ಹೂವಿನ ಕಮಾನು ನಿಂತಿವೆಯೇ? ಗ್ಯಾಸ್ ಸಿಲಿಂಡರುಗಳು ಶಾಮಿಯಾನದ ಬಟ್ಟೆಯಿಂದ ದೂರವಿವೆಯೇ? ವಿದ್ಯುತ್ ತಂತಿ ಜನ ನಡೆಯುವಲ್ಲಿ ಬಿದ್ದಿದೆಯೇ? ಆಂಬುಲೆನ್ಸ್ ಒಳಗೆ ಬರಲು ದಾರಿ ಇದೆಯೇ?

ದೊಡ್ಡ ಸಾರ್ವಜನಿಕ ಕಾರ್ಯಕ್ರಮಕ್ಕೆ ಪೊಲೀಸ್, ಅಗ್ನಿಶಾಮಕ ಇಲಾಖೆ, ಸ್ಥಳೀಯ ಆಡಳಿತ ಇವುಗಳ ಅನುಮತಿ ಬೇಕು. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು ಎಂಬುದು 2000ದಿಂದ ಜಾರಿಯಲ್ಲಿರುವ ನಿಯಮ. "ಸ್ವಲ್ಪ ಹೊತ್ತು, ಪರವಾಗಿಲ್ಲ ಬಿಡಿ" ಎನ್ನುವ ಗಿರಾಕಿಗೆ ನಗುತ್ತಲೇ "ಆಗುವುದಿಲ್ಲ" ಎನ್ನುವ ಧೈರ್ಯವೂ ಈ ಕಸುಬಿನ ಕೌಶಲವೇ.

ಕಲಿಯುವುದು ಎಲ್ಲಿ?

ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಈ ಕ್ಷೇತ್ರಕ್ಕೆ ಬರಬಹುದು. ಬಿಬಿಎ ಅಥವಾ ಬಿಕಾಂ ಮಾಡಿ ನಂತರ ಡಿಪ್ಲೊಮಾ ಇಲ್ಲವೇ ಎಂಬಿಎ ಮಾಡುವವರಿದ್ದಾರೆ. ಹೋಟೆಲ್ ಮ್ಯಾನೇಜ್‌ಮೆಂಟ್, ಪ್ರವಾಸೋದ್ಯಮ, ಪತ್ರಿಕೋದ್ಯಮ ಓದಿದವರೂ ಬರುತ್ತಾರೆ. ಶುಲ್ಕ ಕಟ್ಟುವ ಮೊದಲು ಮೂರು ಸಂಗತಿ ಕೇಳಿ: ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು, ಅದಕ್ಕೆ ಯುಜಿಸಿ ಮಾನ್ಯತೆ ಇದೆಯೇ? ಎಷ್ಟು ವಾರ ನಿಜವಾದ ಕಾರ್ಯಕ್ರಮಗಳಲ್ಲಿ ಕೆಲಸ ಮಾಡಿಸುತ್ತಾರೆ? ಕಳೆದ ವರ್ಷ ಓದಿ ಹೋದ ಇಬ್ಬರ ಜೊತೆ ಮಾತನಾಡಬಹುದೇ? ಮೂರನೆಯ ಪ್ರಶ್ನೆಗೆ ತಡವರಿಸುವ ಸಂಸ್ಥೆಗೆ ಹಣ ಕಟ್ಟಲು ಅವಸರ ಬೇಡ.

ಹಣ ಕೊಟ್ಟು ಓದಲು ಆಗದವರು ಕೈಚೆಲ್ಲಬೇಕಾಗಿಲ್ಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಮತ್ತು ಅದರ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುತ್ತಿರುವ ತರಬೇತಿ ಕೇಂದ್ರಗಳು ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿ ಸಹಿತ ಉಚಿತವಾಗಿ ಕಸುಬು ಕಲಿಸುತ್ತವೆ. ಛಾಯಾಗ್ರಹಣ, ವಿದ್ಯುತ್ ಕೆಲಸ, ಬ್ಯೂಟಿ ಪಾರ್ಲರ್ ಇವೆಲ್ಲ ಸಮಾರಂಭಗಳಿಗೆ ಬೇಕಾದವೇ. ಒಂದು ಕಸುಬಿನಿಂದ ಒಳಹೊಕ್ಕು ಇಡೀ ಸಮಾರಂಭ ನಡೆಸುವ ಮಟ್ಟಕ್ಕೆ ಬೆಳೆಯಬಹುದು. ಸ್ವಂತ ಉದ್ಯೋಗ ಆರಂಭಿಸುವವರಿಗೆ ಆಧಾರ ಆಸ್ತಿಯಿಲ್ಲದೆ ಮುದ್ರಾ ಸಾಲವಿದೆ. ಅದರ ಮೊದಲ ಹಂತ 50 ಸಾವಿರ ರೂಪಾಯಿವರೆಗೆ.

ಇನ್ನು ಶುಲ್ಕವೇ ಇಲ್ಲದ ಶಾಲೆಯೊಂದಿದೆ: ಸ್ವಯಂಸೇವೆ. ಮೈಸೂರು ದಸರಾವನ್ನು ಆಹಾರ ಮೇಳ, ಕುಸ್ತಿ, ಯುವ ದಸರಾ ಎಂದು ಉಪಸಮಿತಿಗಳಾಗಿ ಹಂಚಿಕೊಂಡು ನಡೆಸುತ್ತಾರೆ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದಂಥ ಮೂರು ದಿನಗಳ ಜಾತ್ರೆಗೂ ವಸತಿ, ಊಟ, ಮೆರವಣಿಗೆಗಳ ಹೊಣೆಯನ್ನು ಹೀಗೇ ಹಂಚಲೇಬೇಕು. ಕಾಲೇಜಿನ ಎನ್‌ಎಸ್‌ಎಸ್ ಶಿಬಿರ, ಊರಿನ ಗಣೇಶೋತ್ಸವವೂ ಸಾಕು. ವೇದಿಕೆಯ ಮುಂದೆ ನಿಲ್ಲುವ ಕೆಲಸ ಬೇಡ. ನೀರು, ಊಟ, ವಾಹನ ನಿಲುಗಡೆಯ ಕೆಲಸ ಕೇಳಿ ಪಡೆಯಿರಿ. ಕಲಿಕೆ ಇರುವುದು ಅಲ್ಲಿ.

ಮನೆಯಲ್ಲೇ ಒಂದು ಪರೀಕ್ಷೆ

ತಂದೆತಾಯಿಗಳು ಮಾಡಬಹುದಾದ್ದು ಇಷ್ಟು. ಮನೆಯಲ್ಲಿ ನಾಮಕರಣವೋ ಸತ್ಯನಾರಾಯಣ ಪೂಜೆಯೋ ಬರಲಿ. 40 ಜನರ ಆ ಸಮಾರಂಭವನ್ನು ಒಂದು ಮೊತ್ತ ನಿಗದಿ ಮಾಡಿ ಮಗಳ ಕೈಗೆ ಕೊಡಿ. ಪಟ್ಟಿ ಅವಳೇ ಬರೆಯಲಿ, ಅಡುಗೆಯವರೊಡನೆ ಅವಳೇ ಮಾತಾಡಲಿ. ನೀವು ನಡುವೆ ಬಾಯಿ ಹಾಕಬೇಡಿ. ಸಂಜೆ ಅತಿಥಿಗಳೆಲ್ಲ ಹೋದ ಮೇಲೆ ಮೂರು ವಿಷಯ ಗಮನಿಸಿ. ಪಾತ್ರೆಯವರಿಗೆ ಪಾತ್ರೆ ಎಣಿಸಿ ಹಿಂದಿರುಗಿಸಿದಳೇ? ಬಡಿಸಿದವರಿಗೆ ಊಟ ಹಾಕಿಸಿದಳೇ? ಖರ್ಚಿನ ಲೆಕ್ಕ ಚೀಟಿಗಳೊಂದಿಗೆ ತಂದು ಒಪ್ಪಿಸಿದಳೇ? ಮೂರಕ್ಕೂ ಹೌದು ಎನ್ನುವ ಉತ್ತರ ಬಂದರೆ, ಕಾಲೇಜಿನ ಅರ್ಜಿಗೆ ಧೈರ್ಯವಾಗಿ ಸಹಿ ಹಾಕಿ.