ಸಾರಾ ಫೀಲ್ಡಿಂಗಳ ‘ಗವರ್ನೆಸ್’: ದಂಡನೆಯೂ ಹೃದಯಪರಿವರ್ತನೆಯೂ

ಆಂಗ್ಲಸಾಹಿತ್ಯದಲ್ಲಿ ಎಳೆಯರಿಗಾಗಿಯೇ ರಚಿತವಾದ ಮೊದಲ ಕಾದಂಬರಿಯೆಂದು ವಿಮರ್ಶಕರು ಸಾಮಾನ್ಯವಾಗಿ ಎಣಿಸುವ ಗ್ರಂಥ ಸಾರಾ ಫೀಲ್ಡಿಂಗಳ ‘ಗವರ್ನೆಸ್’. ಇದು 1749ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಗ್ರಂಥಕರ್ತ್ರಿಯು (1710–1768) ‘ಟಾಮ್ ಜೋನ್ಸ್’ ಬರೆದ ಹೆನ್ರಿ ಫೀಲ್ಡಿಂಗನ ತಂಗಿ. ಅಣ್ಣನ ಆ ಮಹಾಕಾದಂಬರಿಯೂ ಹೊರಬಿದ್ದುದು ಅದೇ ವರ್ಷದಲ್ಲಿ. ತಂಗಿಯ ಸಣ್ಣ ಹೊತ್ತಗೆಯನ್ನು ಇಂದು ಓದುವವರು ಕಡಮೆ. ಆದರೂ ದಾರಿತಪ್ಪಿದ ಬಾಲೆಯರನ್ನು ತಿದ್ದುವ ಬಗೆ ಯಾವುದೆಂಬ ಪ್ರಶ್ನೆಯನ್ನು ಅದು ವಿಚಾರಿಸಿರುವ ಸೂಕ್ಷ್ಮತೆ ಗಮನಾರ್ಹವಾದುದು.

ಪಾದ್ರಿಯೊಬ್ಬನ ವಿಧವೆಯಾದ ಟೀಚಮ್ ಎಂಬಾಕೆಯ ಶಾಲೆಯಲ್ಲಿ ಒಂಬತ್ತು ಹುಡುಗಿಯರು. ಹಿರಿಯಳಾದ ಜೆನ್ನಿ ಪೀಸ್‌ಗೆ 14 ವರ್ಷ. ಉಳಿದವರಾರಿಗೂ 12 ತುಂಬಿಲ್ಲ. ಪೀಸ್ ಎಂದರೆ ಶಾಂತಿ, ಸ್ಲೈ ಎಂದರೆ ಕಪಟಿ, ಫ್ರೆಟ್ ಎಂದರೆ ಕೊರಗು. ಹೀಗೆ ಹಲವರ ಹೆಸರಿನಲ್ಲಿಯೇ ಗುಣವು ಸೂಚಿತವಾಗಿದೆ. ಬುಟ್ಟಿಯಲ್ಲಿದ್ದ ಸೇಬುಗಳಲ್ಲಿ ಎಲ್ಲಕ್ಕಿಂತ ದೊಡ್ಡದೊಂದಕ್ಕೆ ಜಗಳ ಹುಟ್ಟುತ್ತದೆ. ಜೆನ್ನಿ ಆ ಹಣ್ಣನ್ನು ಬೇಲಿಯಾಚೆಗೆ ಎಸೆದುಬಿಡುವಳು. ಹಣ್ಣು ಹೋದರೂ ಜಗಳ ಹೋಗದು. ಹುಡುಗಿಯರು ಒಬ್ಬರ ಕೂದಲನ್ನೊಬ್ಬರು ಹಿಡಿದೆಳೆದು ಹೊಡೆದಾಡುವರು.

ಉಪಾಧ್ಯಾಯಿನಿಯು ಅವರನ್ನು ದಂಡಿಸುವಳು. ದಂಡನೆ ಎಂತಹುದೆಂಬುದನ್ನು ಮಾತ್ರ ಗ್ರಂಥಕರ್ತ್ರಿ ಹೇಳುವುದಿಲ್ಲ. ಛಡಿಯೇಟೆಂದು ಕೆಲವರೂ, ಕೋಣೆಯಲ್ಲಿ ಕೂಡಿಹಾಕಿ ಉಪವಾಸ ಕೆಡವಿದರೆಂದು ಕೆಲವರೂ ಹೇಳುವರೆಂದಷ್ಟೇ ತಿಳಿಸಿ ಮುಂದಕ್ಕೆ ಸಾಗುವಳು. ಈ ಮೌನವು ಅರ್ಥಗರ್ಭಿತವಾದುದು. ಅಪ್ಪಣೆಯಾದೊಡನೆ ಹುಡುಗಿಯರು ಒಬ್ಬರನ್ನೊಬ್ಬರು ಆಲಿಂಗಿಸಿಕೊಳ್ಳುವರಾದರೂ ಒಳಗಿನ ದ್ವೇಷ ಹಾಗೆಯೇ ಉಳಿಯುತ್ತದೆ. ದಂಡನೆಯಿಂದ ಕೈ ಸುಮ್ಮನಾಯಿತು, ಮನಸ್ಸು ಸುಮ್ಮನಾಗಲಿಲ್ಲ.

ನಿಜವಾದ ಪರಿವರ್ತನೆ ತೊಡಗುವುದು ಸೂಕಿ ಜೆನೆಟಳಲ್ಲಿ. ತಾನೇ ಮೊದಲು ಸೋಲೊಪ್ಪುವುದು ಹೇಡಿತನವೆಂದು ವಾದಿಸಿದ ಈಕೆ, ಜೆನ್ನಿಯ ಮಾತನ್ನು ನೆನೆದು ನಿದ್ದೆ ಬಾರದೆ ಹೊರಳಾಡಿ, ತಾನಾಗಿಯೇ ತಪ್ಪನ್ನು ಕಾಣುವಳು. ಬಳಿಕ ಹುಡುಗಿಯರೆಲ್ಲರೂ ಉದ್ಯಾನದ ಲತಾಮಂಟಪದಲ್ಲಿ ಕುಳಿತು ತಮ್ಮ ತಮ್ಮ ಜೀವನವೃತ್ತಾಂತವನ್ನು ಹೇಳಿಕೊಳ್ಳುವರು. ತಪ್ಪಿನ ಬೇರು ಮನೆಯ ಮುದ್ದು, ಹೊಟ್ಟೆಕಿಚ್ಚು, ಭಯ, ಸುಳ್ಳು ಇವುಗಳಲ್ಲಿದೆಯೆಂಬುದು ಅವರ ಬಾಯಿಂದಲೇ ಹೊರಡುತ್ತದೆ. ನಡುನಡುವೆ ರಾಕ್ಷಸರ ಕಥೆ, ರಾಜಕುಮಾರಿಯ ಕಥೆಗಳೂ ಬರುತ್ತವೆ.

ಹಲವು ವರ್ಷ ಭಾರತದಲ್ಲಿ ನೆಲಸಿದ್ದ ಮೇರಿ ಮಾರ್ಥಾ ಶರ್ವುಡ್ ಎಂಬ ಲೇಖಕಿ 1820ರಲ್ಲಿ ಈ ಗ್ರಂಥವನ್ನು ತಿದ್ದಿ ಪ್ರಕಟಿಸಿದಾಗ, ಅದ್ಭುತಕಥೆಗಳನ್ನು ಬಹುಮಟ್ಟಿಗೆ ಕೈಬಿಟ್ಟು ಧರ್ಮೋಪದೇಶವನ್ನು ಹೆಚ್ಚಿಸಿದಳು. ಮುಂದೆ 1854ರಲ್ಲಿ ಬ್ರಿಟನ್ನಿನಲ್ಲಿ ಸುಧಾರಣಾಶಾಲೆಗಳಿಗೆ ಶಾಸನದ ಆಧಾರ ದೊರೆತಾಗ, ಅಪರಾಧಿ ಬಾಲಕ ಬಾಲಕಿಯರು ಮೊದಲು ಕಡಮೆಯೆಂದರೆ 14 ದಿನ ಸೆರೆಮನೆಯಲ್ಲಿದ್ದು ಅನಂತರ ಶಾಲೆಗೆ ಹೋಗಬೇಕೆಂದು ವಿಧಿಸಲಾಯಿತು. ಮೊದಲು ಶಿಕ್ಷೆ, ಆಮೇಲೆ ಶಿಕ್ಷಣ ಎಂಬ ಈ ನಿಯಮ ಪೂರ್ಣವಾಗಿ ಅಳಿದುದು 1899ರಲ್ಲಿ. ಶಿಕ್ಷೆಗೊಳಗಾದ ಮಗು ತಲೆಬಾಗಬಹುದು. ತನ್ನ ಕಥೆಯನ್ನು ತಾನೇ ಹೇಳಿಕೊಂಡ ಮಗು ಮಾತ್ರ ತಿದ್ದಿಕೊಳ್ಳಬಲ್ಲುದು ಎಂಬುದನ್ನು ಸಾರಾ ಫೀಲ್ಡಿಂಗಳು ಅದಕ್ಕೆ 150 ವರ್ಷಗಳ ಹಿಂದೆಯೇ ಕಥಾರೂಪದಲ್ಲಿ ತೋರಿಸಿದ್ದಳು.